ಕಸದಿಂದ ಮಾಡಿದ ಕಲೆ ಮತ್ತೆ ಕಸವಾಗದಿರಲು

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಪ್ರತಿ ವರ್ಷ ಮಕ್ಕಳಿಂದ ‘ಕಸದಿಂದ ರಸ’ ಪ್ರದರ್ಶನ ಮಾಡಿಸುತ್ತೇವೆ. ಬಾಟಲಿ, ರಟ್ಟು, ಹಳೇ ಸಿ.ಡಿ., ಪ್ಲಾಸ್ಟಿಕ್ ಚಮಚ ಎಲ್ಲ ಸೇರಿಸಿ ಹೂವು, ಗೊಂಬೆ, ಪ್ರಾಣಿ ಮಾಡುತ್ತಾರೆ. ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ವಾರದೊಳಗೆ ಎಲ್ಲವೂ ತೊಟ್ಟಿ ಸೇರುತ್ತದೆ. ಅದಕ್ಕೆಂದೇ ಅಂಟು, ಬಣ್ಣ, ಗ್ಲಿಟರ್ ಹೊಸದಾಗಿ ಕೊಂಡು ತರುತ್ತೇವೆ. ಕಳೆದ ವರ್ಷ ಒಬ್ಬ ಹುಡುಗ ತಂದ ಬಾಟಲಿಗಳು ಹೊಸವು. ನೀರು ಚೆಲ್ಲಿ ಖಾಲಿ ಮಾಡಿಕೊಂಡು ತಂದಿದ್ದ. ಇದರಿಂದ ಪರಿಸರಕ್ಕೆ ನಿಜವಾಗಿ ಏನಾದರೂ ಉಪಯೋಗ ಇದೆಯೇ? ಇದ್ದರೆ ಹೇಗೆ ಮಾಡಿಸಬೇಕು?

ಉತ್ತರ: ನೀರು ಚೆಲ್ಲಿ ತಂದ ಬಾಟಲಿಯ ಸಂಗತಿ ಓದಿ ನನಗೆ ತುಂಬಾ ಬೇಜಾರಾಯಿತು. ಹುಡುಗನ ಮೇಲೆ ಬೇಜಾರಲ್ಲ. ‘ನಾಳೆ ಹತ್ತು ಬಾಟಲಿ ತನ್ನಿ’ ಅಂತ ದೊಡ್ಡವರು ಹೇಳುತ್ತೇವೆ. ಮನೆಯಲ್ಲಿ ಇರುವುದು ಎರಡೇ ಆದರೆ ಮಗು ಏನು ಮಾಡಬೇಕು? ನಾನು ಇಪ್ಪತ್ತು ವರ್ಷದಿಂದ ಗುಜರಿ ವಸ್ತುಗಳಲ್ಲಿ ಶಿಲ್ಪ ಮಾಡುತ್ತಾ, ಮಕ್ಕಳಿಗೆ ಕಮ್ಮಟ ನಡೆಸುತ್ತಾ ಬಂದವಳು. ಶುರುವಿನ ನಾಲ್ಕೈದು ವರ್ಷ ನಾನೂ ಹೀಗೇ ಪಟ್ಟಿ ಬರೆದು ಕೊಡುತ್ತಿದ್ದೆ. ಆಗ ಎಷ್ಟು ಮನೆಗಳಲ್ಲಿ ಹೀಗೆ ನೀರು ಚೆಲ್ಲಿರಬಹುದು ಅಂತ ಈಗ ಯೋಚನೆ ಬರುತ್ತದೆ.

ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರ: ತೂಕದ ಲೆಕ್ಕ ಹಾಕಿದರೆ ಉಪಯೋಗ ಇಲ್ಲ. 2016ರ ಅಂದಾಜಿನ ಪ್ರಕಾರ ಜಗತ್ತಿನ ಊರು-ನಗರಗಳಿಂದ ಒಂದೇ ವರ್ಷದಲ್ಲಿ ಹೊರಬಿದ್ದ ಕಸ ಸುಮಾರು 200 ಕೋಟಿ ಟನ್. 1950ರಿಂದ 2015ರವರೆಗೆ ತಯಾರಾದ ಪ್ಲಾಸ್ಟಿಕ್ಕೇ ಸುಮಾರು 830 ಕೋಟಿ ಟನ್. ಅದರಲ್ಲಿ ಕಸವಾಗಿ ಹೋದದ್ದರ ಪೈಕಿ ಮರುಬಳಕೆ ಕಂಡದ್ದು ಶೇ. 9ರಷ್ಟು ಮಾತ್ರ. ಈ ರಾಶಿಯ ಮುಂದೆ ನಿಮ್ಮ ಶಾಲೆಯ ಐವತ್ತು ಗೊಂಬೆ, ನನ್ನ ನೂರು ಶಿಲ್ಪ ಯಾವ ಲೆಕ್ಕ? ಹಾಗಾಗಿ ‘ನಾವು ಇಷ್ಟು ಕಸ ಕಡಿಮೆ ಮಾಡಿದೆವು’ ಅಂತ ಮಕ್ಕಳ ಹತ್ತಿರ ಹೇಳಿಸಬೇಡಿ. ಅದು ನಿಜವಲ್ಲ. ಮಕ್ಕಳಿಗೆ ಅದು ಬೇಗ ಗೊತ್ತಾಗುತ್ತದೆ.

ಹಾಗಾದರೆ ಬಿಟ್ಟುಬಿಡುವುದಾ? ಖಂಡಿತ ಬೇಡ. ಒಂದು ವಸ್ತುವನ್ನು ಕೈಯಲ್ಲಿ ಹಿಡಿದು ಒಂದು ಗಂಟೆ ಅದರ ಜೊತೆ ಕೆಲಸ ಮಾಡಿದ ಮಗು ಆಮೇಲೆ ಅದನ್ನು ಹಿಂದಿನ ಹಾಗೆ ಎಸೆಯುವುದಿಲ್ಲ. ಇದನ್ನು ಕಣ್ಣಾರೆ ಎಷ್ಟೋ ಸಲ ನೋಡಿದ್ದೇನೆ. ಬಿಸ್ಕತ್ತಿನ ಕವರು ಕೈಗೆ ಬಂದರೆ ಒಳಗಿನ ಬೆಳ್ಳಿ ಬಣ್ಣ ನೋಡುತ್ತಾರೆ, ಹರಿದು ನೋಡುತ್ತಾರೆ, ‘ಇದು ಪೇಪರಾ, ಪ್ಲಾಸ್ಟಿಕ್ಕಾ?’ ಅಂತ ಕೇಳುತ್ತಾರೆ. ಆ ಪ್ರಶ್ನೆ ಹುಟ್ಟಬೇಕು ಅಂತಲೇ ಈ ಕೆಲಸ. ಆದರೆ ಅದು ಹುಟ್ಟಬೇಕಾದರೆ ಕೆಲಸದ ರೀತಿ ಬೇರೆಯಾಗಬೇಕು.

ನಾನು ಇಟ್ಟುಕೊಂಡಿರುವ ನಿಯಮ ಒಂದೇ. ಕಸದಿಂದ ಎತ್ತಿಕೊಂಡದ್ದನ್ನು ಎರವಲು ತಂದ ವಸ್ತು ಅಂತ ತಿಳಿಯಬೇಕು. ಎರವಲು ತಂದದ್ದನ್ನು ಗುರುತು ಸಿಗದ ಹಾಗೆ ಬದಲಾಯಿಸುವುದಿಲ್ಲ, ಅಲ್ವಾ? ಹಾಳು ಮಾಡುವುದೂ ಇಲ್ಲ. ಕೆಲಸ ಮುಗಿದ ಮೇಲೆ ಹಿಂದಿರುಗಿಸುತ್ತೇವೆ. ಕಲಾಕೃತಿಯಲ್ಲಿ ಆ ವಸ್ತು ಮೊದಲು ಏನಾಗಿತ್ತು ಅಂತ ಕಾಣುತ್ತಿರಬೇಕು. ಬಿಚ್ಚಿದರೆ ಅದು ಮುಂದೆ ಹೋಗಬೇಕಾದ ಕಡೆಗೆ ಹೋಗುವಂತಿರಬೇಕು.

ಮೊದಲು ಕಾಣುವ ವಿಷಯ. ನಿಮ್ಮ ಶಾಲೆಯ ಹೂವು, ಗೊಂಬೆಗಳಿಗೆ ಬಹುಶಃ ಬಣ್ಣ ಬಳಿಯುತ್ತೀರಿ. ‘ಅಯ್ಯೋ, ಇದು ಬಾಟಲಿನಾ? ಗೊತ್ತೇ ಆಗಲಿಲ್ಲ!’ ಅಂತ ಪೋಷಕರು ಹೊಗಳುತ್ತಾರೆ. ನನ್ನ ಪ್ರಕಾರ ಅಲ್ಲೇ ಕೆಲಸ ಸೋತಿತು. ಬಾಟಲಿ ಅಂತ ಗೊತ್ತಾಗದಿದ್ದರೆ ಬಾಟಲಿಯ ಬಗ್ಗೆ ಯಾರು ಯೋಚನೆ ಮಾಡುತ್ತಾರೆ? 1942ರಲ್ಲಿ ಪಿಕಾಸೊ ಒಂದು ಹಳೇ ಸೈಕಲ್ಲಿನ ಸೀಟು ಮತ್ತು ಹ್ಯಾಂಡಲ್ ಎರಡನ್ನೇ ಸೇರಿಸಿ ಗೂಳಿಯ ತಲೆ ಮಾಡಿದ. ಸೀಟು ಮುಖ, ಹ್ಯಾಂಡಲ್ ಕೊಂಬು. ನೋಡಿದ ಕೂಡಲೇ ಗೂಳಿ ಕಾಣುತ್ತದೆ, ಮರುಕ್ಷಣ ಸೈಕಲ್ ಕಾಣುತ್ತದೆ. ಕಣ್ಣು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಾಡುತ್ತಲೇ ಇರುತ್ತದೆ. ಆ ಓಡಾಟ ನಿಂತುಹೋದರೆ ಅದು ಬರೀ ಗೂಳಿ.

ಇದನ್ನು ಇನ್ನೂ ದೊಡ್ಡದಾಗಿ ಮಾಡಿ ತೋರಿಸಿದವರು ಎಲ್ ಅನಾಟ್ಸುಯಿ. 1944ರಲ್ಲಿ ಘಾನಾದಲ್ಲಿ ಹುಟ್ಟಿ, ನೈಜೀರಿಯಾದ ನ್ಸುಕ್ಕಾದಲ್ಲಿ ದಶಕಗಳ ಕಾಲ ಪಾಠ ಮಾಡುತ್ತಾ ಕೆಲಸ ಮಾಡಿದ ಕಲಾವಿದ. 1990ರ ದಶಕದ ಕೊನೆಯಲ್ಲಿ ಅವರಿಗೆ ಮದ್ಯದ ಬಾಟಲಿಗಳ ಮುಚ್ಚಳ ತುಂಬಿದ ಒಂದು ಚೀಲ ಸಿಕ್ಕಿತು. ಆ ಅಲ್ಯೂಮಿನಿಯಂ ಮುಚ್ಚಳಗಳನ್ನು ಚಪ್ಪಟೆ ಮಾಡಿ, ಮಡಚಿ, ತಿರುಚಿ, ಅಂಚಿನಲ್ಲಿ ತೂತು ಹಾಕಿ, ತಾಮ್ರದ ತಂತಿಯಿಂದ ಒಂದಕ್ಕೊಂದು ಹೊಲಿಯುತ್ತಾ ಹೋದರು. ಸಾವಿರಾರು ಮುಚ್ಚಳ ಸೇರಿ ಗೋಡೆ ತುಂಬುವ ಬಟ್ಟೆಯಾಯಿತು. ದೂರದಿಂದ ನೋಡಿದರೆ ಜರತಾರಿ ಹೊದಿಕೆ. ಹತ್ತಿರ ಹೋದರೆ ಮದ್ಯದ ಹೆಸರುಗಳನ್ನು ಓದಬಹುದು. ಯುರೋಪಿನಿಂದ ಆಫ್ರಿಕಾಕ್ಕೆ ಮದ್ಯ ಬಂದದ್ದು, ಅದೇ ವ್ಯಾಪಾರದಲ್ಲಿ ಜನರನ್ನು ಗುಲಾಮರಾಗಿ ಸಾಗಿಸಿದ್ದು, ಇಷ್ಟೆಲ್ಲ ಆ ಮುಚ್ಚಳದ ಬೆನ್ನಿಗಿದೆ. ಮೇಲೆ ಬಣ್ಣ ಬಳಿದಿದ್ದರೆ ಈ ಮಾತೆಲ್ಲ ಮುಚ್ಚಿಹೋಗುತ್ತಿತ್ತು. 2015ರಲ್ಲಿ ವೆನಿಸ್ ಬಿನಾಲೆ ಎಂಬ ದೊಡ್ಡ ಅಂತರರಾಷ್ಟ್ರೀಯ ಕಲಾ ಪ್ರದರ್ಶನದಲ್ಲಿ ಅವರಿಗೆ ಜೀವಮಾನದ ಸಾಧನೆಗಾಗಿ ಚಿನ್ನದ ಸಿಂಹ ಪ್ರಶಸ್ತಿ ಬಂತು.

ಅವರ ಕೆಲಸದಲ್ಲಿ ನಾನು ಮಕ್ಕಳಿಗೆ ಹೆಚ್ಚು ತೋರಿಸುವುದು ಹೊಲಿಗೆಯನ್ನು. ಎಲ್ಲೂ ಅಂಟಿಲ್ಲ. ಇಡೀ ಕೃತಿಯನ್ನು ಕಂಬಳಿಯ ಹಾಗೆ ಮಡಚಿ ಪೆಟ್ಟಿಗೆಯಲ್ಲಿಟ್ಟು ಕಳಿಸಬಹುದು. ಪ್ರತಿ ಸಲ ಬೇರೆ ಬೇರೆ ನೆರಿಗೆಯಲ್ಲಿ ತೂಗುಹಾಕಬಹುದು. ತಂತಿ ಕತ್ತರಿಸಿದರೆ ಮುಚ್ಚಳ ಮತ್ತೆ ಮುಚ್ಚಳವೇ.

ಅಂಟಿನ ಬಗ್ಗೆ ನನಗೆ ಇಷ್ಟು ಕಾಳಜಿ ಬರಲು ಒಂದು ಕಾರಣ ಇದೆ. ಹದಿನೈದು ವರ್ಷದ ಹಿಂದೆ ಒಂದು ಶಾಲೆಯ ಅಂಗಳದಲ್ಲಿ ಮಕ್ಕಳ ಜೊತೆ ದೊಡ್ಡ ಮೀನು ಮಾಡಿದೆ. ಕಬ್ಬಿಣದ ತಂತಿಯ ಚೌಕಟ್ಟು. ಅದರ ಮೇಲೆ ಬಾಟಲಿಗಳನ್ನು ಸೀಳಿ ಮಾಡಿದ ಹುರುಪೆ. ಬಾಲಕ್ಕೆ ಪ್ಲಾಸ್ಟಿಕ್ ಚೀಲದ ಪಟ್ಟಿಗಳು. ಎಲ್ಲವನ್ನೂ ಗ್ಲೂ ಗನ್‌ನಿಂದ ಅಂಟಿಸಿ, ಮೇಲೆ ಬೆಳ್ಳಿ ಬಣ್ಣ ಹೊಡೆದೆವು. ಸಮುದ್ರ ಉಳಿಸಿ ಅಂತ ಫಲಕ ಬೇರೆ. ಮೊದಲ ಬೇಸಗೆಯಲ್ಲೇ ಚೌಕಟ್ಟು ಕಾದು ಅಂಟು ಮೆತ್ತಗಾಯಿತು, ಹುರುಪೆ ಒಂದೊಂದೇ ಉದುರಿತು. ಬಾಲದ ಕಥೆ ಇನ್ನೂ ಕಷ್ಟದ್ದು. ಬಿಸಿಲಿಗೆ ಒಣಗಿದ ಪಟ್ಟಿಯನ್ನು ಒಬ್ಬ ಹುಡುಗಿ ಮುಟ್ಟಿದಳು. ಹಪ್ಪಳದ ಹಾಗೆ ಪುಡಿಯಾಗಿ ಬೆರಳ ಸಂದಿಯಿಂದ ಕೆಳಗೆ ಉದುರಿತು. ಹುಲ್ಲಿನ ನಡುವೆ, ಮಣ್ಣಿನೊಳಗೆ ಬಿಳಿ ಚೂರುಗಳು. ನಾವೆಲ್ಲ ಮಂಡಿಯೂರಿ ಕೂತು ಆರಿಸಲು ನೋಡಿದೆವು. ಆಗಲಿಲ್ಲ. ಅಷ್ಟು ಸಣ್ಣ ಚೂರುಗಳನ್ನು ಯಾರೂ ಆರಿಸಲಾರರು. ಉಳಿದ ಮೀನನ್ನು ಗುಜರಿಯವರಿಗೆ ತೋರಿಸಿದೆ. ಅವರು ತಿರುಗಿಸಿ ಮುರುಗಿಸಿ ನೋಡಿ, ‘ಅಂಟು, ಬಣ್ಣ, ತಂತಿ ಎಲ್ಲ ಒಂದೇ ಕಡೆ ಮೆತ್ತಿಕೊಂಡಿದೆ, ಯಾರೂ ತಗೊಳ್ಳಲ್ಲ’ ಅಂದರು. ಬಾಟಲಿಗಳು ಮೀನಾಗುವ ಮೊದಲು ಅವರ ಹತ್ತಿರವೇ ಹೋಗಬಹುದಿತ್ತು. ನಾವು ಅವುಗಳ ದಾರಿ ಮುಚ್ಚಿಬಿಟ್ಟಿದ್ದೆವು.

ಆ ಮೀನಿನಿಂದ ನಾನು ಕಲಿತದ್ದನ್ನೇ ನಿಮಗೆ ಬರೆಯುತ್ತಿದ್ದೇನೆ.

ಮೊದಲನೆಯದು, ಯಾವುದನ್ನು ಎತ್ತಿಕೊಳ್ಳಬೇಕು ಅನ್ನುವುದು. ಎಲ್ಲರೂ ಮೊದಲು ಕೈ ಹಾಕುವುದು ನೀರಿನ ಬಾಟಲಿಗೆ ಮತ್ತು ಅಲ್ಯೂಮಿನಿಯಂ ಡಬ್ಬಿಗೆ. ವಿಚಿತ್ರ ಅಂದರೆ ಕಸದಲ್ಲಿ ಕೊಳ್ಳುವವರು ಇರುವುದೂ ಇವಕ್ಕೇ. ಅಲ್ಯೂಮಿನಿಯಂ ಅನ್ನು ಕರಗಿಸಿ ಮತ್ತೆ ಬಳಸಿದರೆ, ಅದಿರಿನಿಂದ ಹೊಸದಾಗಿ ತೆಗೆಯುವುದಕ್ಕೆ ಹೋಲಿಸಿದಾಗ ಶೇ. 95ರಷ್ಟು ಶಕ್ತಿ ಉಳಿಯುತ್ತದೆ. ಅಂಥ ಡಬ್ಬಿಗೆ ಬಣ್ಣ ಬಳಿದು ಪೆನ್ ಸ್ಟ್ಯಾಂಡ್ ಮಾಡಿ, ಆರು ತಿಂಗಳ ಮೇಲೆ ತೊಟ್ಟಿಗೆ ಹಾಕಿದರೆ ನಷ್ಟವೇ. ಅದರ ಬದಲು ಯಾರಿಗೂ ಬೇಡವಾದದ್ದನ್ನು ನೋಡಿ. ಚಿಪ್ಸ್, ಬಿಸ್ಕತ್ತಿನ ಕವರು. ಮುಗಿದ ಪೆನ್ನು. ಸವೆದ ಹಲ್ಲುಜ್ಜುವ ಬ್ರಷ್. ಮುರಿದ ಆಟಿಕೆ. ಹರಿದು ಚಿಂದಿಯಾದ ಬಟ್ಟೆ. ಕವರುಗಳಲ್ಲಿ ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಪದರ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬಿಡಿಸುವುದು ಕಷ್ಟ, ಅದಕ್ಕೇ ಅವನ್ನು ಕೊಳ್ಳುವವರಿಲ್ಲ. ನಿಮ್ಮ ಮಕ್ಕಳ ಕೈಗೆ ಬರಬೇಕಾದದ್ದು ಅವು.

ಕವರಿನಲ್ಲಿ ಏನು ಮಾಡುವುದು ಅಂತೀರಾ? ತೊಳೆದು, ಒರೆಸಿ, ನೆರಳಲ್ಲಿ ಒಣಗಿಸಿ. ಜಿಡ್ಡು ಉಳಿದರೆ ಇರುವೆ ಬರುತ್ತದೆ, ವಾಸನೆ ಬರುತ್ತದೆ. ಆಮೇಲೆ ಎರಡು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ಉದ್ದಕ್ಕೆ ಎರಡು ಸಲ ಮಡಚಿ. ಈಗ ಅದು ಗಟ್ಟಿ ಪಟ್ಟಿ. ಒಂದು ರಟ್ಟಿನ ಎರಡು ಅಂಚಿಗೂ ಸಣ್ಣ ಸಣ್ಣ ಕಚ್ಚು ಹಾಕಿ ಹಳೇ ದಾರ ಎಳೆದು ಕಟ್ಟಿದರೆ ಮಗ್ಗ ಸಿದ್ಧ. ದಾರದ ಮೇಲೊಂದು, ಕೆಳಗೊಂದು ಅಂತ ಪಟ್ಟಿ ತೂರಿಸುತ್ತಾ ಹೋದರೆ ಚಾಪೆ ಹೆಣೆದ ಹಾಗೆ ಬಟ್ಟೆ ಹುಟ್ಟುತ್ತದೆ. ಎಂಟು ವರ್ಷದ ಮಗುವಿಗೂ ಬರುತ್ತದೆ. ಕೆಂಪು, ಹಳದಿ, ನೀಲಿ ಎಲ್ಲ ಅಲ್ಲೇ ಇದೆ, ಬಣ್ಣದ ಡಬ್ಬಿಯೇ ಬೇಡ. ಒಂದು ತರಗತಿ ಒಂದು ವಾರ ತಿಂದ ತಿಂಡಿಯ ಕವರು ಇಷ್ಟಗಲದ ಬಟ್ಟೆಯಾಯಿತು ಅಂತ ಗೋಡೆಗೆ ತೂಗುಹಾಕಿ ನೋಡಿ. ಉಪನ್ಯಾಸ ಬೇಕಾಗುವುದಿಲ್ಲ.

ಇನ್ನು ಜೋಡಿಸುವ ಕೆಲಸ. ನಿಜವಾದ ಕೈಚಳಕ ಇರುವುದು ಇಲ್ಲಿ. ಗ್ಲೂ ಗನ್ ಕೈಗೆ ಬಂದ ಮೇಲೆ ಮಕ್ಕಳು ಯೋಚನೆ ಮಾಡುವುದೇ ನಿಲ್ಲಿಸುತ್ತಾರೆ. ಎಲ್ಲಕ್ಕೂ ಒಂದು ತೊಟ್ಟು ಹಾಕಿ ಒತ್ತಿದರೆ ಆಯಿತು. ಅದನ್ನು ಪಕ್ಕಕ್ಕಿಟ್ಟು, ‘ಅಂಟಿಲ್ಲದೆ ಈ ಎರಡನ್ನು ಹೇಗೆ ಸೇರಿಸುತ್ತೀರಿ?’ ಅಂತ ಕೇಳಿ. ಅಲ್ಲಿಂದ ತರಗತಿಯ ಕಳೆಯೇ ಬೇರೆ. ಗಂಟು ಹಾಕುತ್ತಾರೆ, ತೂರಿಸುತ್ತಾರೆ, ಹೆಣೆಯುತ್ತಾರೆ, ಸಿಕ್ಕಿಸುತ್ತಾರೆ. ಹೇಗೂ ಪಾಲಿಎಥಿಲೀನ್, ಪಾಲಿಪ್ರೊಪಿಲೀನ್‌ನಂಥ ಜಾರು ಮೈಯ ಪ್ಲಾಸ್ಟಿಕ್ಕಿಗೆ ಸಾಮಾನ್ಯ ಅಂಟು ಸರಿಯಾಗಿ ಹಿಡಿಯುವುದೂ ಇಲ್ಲ. ಬಾಟಲಿ ಮುಚ್ಚಳಗಳು ಅಂಥವೇ. ಇಂದು ಅಂಟಿಸಿದ್ದು ನಾಳೆ ಕಿತ್ತು ಬರುತ್ತದೆ.

ನನಗೆ ತುಂಬಾ ಇಷ್ಟವಾದ ಜೋಡಣೆ ಬಾಟಲಿಯ ಕತ್ತಿನದು. ಬಾಟಲಿಯ ಕತ್ತನ್ನು ಸ್ವಲ್ಪ ಭುಜದ ಸಮೇತ ಕತ್ತರಿಸಿ. ರಟ್ಟಿನಲ್ಲೋ ದಪ್ಪ ಬಟ್ಟೆಯಲ್ಲೋ ಅಷ್ಟೇ ಅಗಲದ ತೂತು ಮಾಡಿ, ಕತ್ತನ್ನು ಈಚೆಯಿಂದ ತೂರಿಸಿ, ಆಚೆಯಿಂದ ಮುಚ್ಚಳ ತಿರುಗಿಸಿ ಬಿಗಿ ಮಾಡಿ. ಅಷ್ಟೇ, ಅದೇ ನಟ್ಟು, ಅದೇ ಬೋಲ್ಟು. ಎರಡು ಮೂರು ಪದರವನ್ನೂ ಹೀಗೆ ಹಿಡಿಸಬಹುದು. ಬೇಡ ಅಂದಾಗ ಮುಚ್ಚಳ ತಿರುಗಿಸಿದರೆ ಬಿಚ್ಚಿಕೊಂಡು ಬರುತ್ತದೆ. ಇದನ್ನು ಮೊದಲ ಸಲ ಮಾಡಿದ ಮಕ್ಕಳ ಮುಖ ನೋಡಬೇಕು ನೀವು. ಇಷ್ಟು ದಿನ ಕೈಯಲ್ಲೇ ಇದ್ದದ್ದು ಒಂದು ಯಂತ್ರದ ಭಾಗ ಅಂತ ಅವರಿಗೆ ಆಗ ಗೊತ್ತಾಗುತ್ತದೆ.

ದೊಡ್ಡ ಮಕ್ಕಳಿದ್ದರೆ ಇನ್ನೊಂದು. ಬಾಟಲಿಯ ನಡುಭಾಗವನ್ನು ಸುರುಳಿ ಸುರುಳಿಯಾಗಿ ಕತ್ತರಿಸುತ್ತಾ ಹೋದರೆ ಉದ್ದನೆ ಲಾಡಿ ಸಿಗುತ್ತದೆ. ಅದನ್ನು ಎರಡು ಕೋಲು ಸೇರುವ ಕಡೆ ಬಿಗಿಯಾಗಿ ಸುತ್ತಿ, ತುದಿ ಸಿಕ್ಕಿಸಿ, ದೊಡ್ಡವರು ಯಾರಾದರೂ ಕುದಿಯುವ ನೀರು ಹೊಯ್ಯಬೇಕು. ಬಾಟಲಿ ತಯಾರಿಸುವಾಗ ಆ ಪ್ಲಾಸ್ಟಿಕ್ಕನ್ನು ಎಳೆದು ಊದಿರುತ್ತಾರೆ. ಬಿಸಿ ತಗುಲಿದಾಗ ಅದು ಹಿಂದಿನ ಅಳತೆಗೆ ಮರಳಲು ಕುಗ್ಗುತ್ತದೆ. ಕಟ್ಟು ಕಲ್ಲಿನ ಹಾಗೆ ಬಿಗಿಯುತ್ತದೆ. ಬೇಡವಾದಾಗ ಕತ್ತರಿಯಿಂದ ಒಂದು ಕಚ್ಚು ಹಾಕಿದರೆ ಸಾಕು. ಕುರ್ಚಿಯ ಕಾಲು ಕೂಡ ಹೀಗೆ ಕಟ್ಟಬಹುದು.

ರಟ್ಟಿಗೆ ಅದರದೇ ಗುಣ ಇದೆ. ಅಂಚನ್ನು ನೋಡಿದರೆ ಒಳಗೆ ಅಲೆಅಲೆಯಾದ ಕಾಗದ ಕಾಣುತ್ತದೆ. ಆ ಅಲೆಗಳು ಲಂಬವಾಗಿ ನಿಂತರೆ ರಟ್ಟು ಭಾರ ಹೊರುತ್ತದೆ, ಅಡ್ಡ ಬಂದರೆ ಕುಸಿಯುತ್ತದೆ. ಎರಡು ತುಂಡಿಗೂ ಅರ್ಧದವರೆಗೆ ಸೀಳು ಹಾಕಿ ಒಂದನ್ನೊಂದು ಅಡ್ಡಡ್ಡ ಸಿಕ್ಕಿಸಿದರೆ ತಾನಾಗಿ ನಿಲ್ಲುತ್ತದೆ. ಆಳೆತ್ತರದ ಮರ ಮಾಡಿದ್ದೇವೆ ಹೀಗೆ. ತಗಡಿನ ಡಬ್ಬಿಯನ್ನು ಮಾತ್ರ ಚಿಕ್ಕ ಮಕ್ಕಳ ಕೈಯಲ್ಲಿ ಕತ್ತರಿಸಿಸಬೇಡಿ. ಕತ್ತರಿಸಿದ ಅಂಚನ್ನು ಇಕ್ಕಳದಿಂದ ಒಳಗೆ ಮಡಚಿದ ಮೇಲೆಯೇ ಕೊಡಿ.

ಯಾವ ಪ್ಲಾಸ್ಟಿಕ್ ಯಾವುದು ಅಂತ ತಿಳಿಯಲು ವಸ್ತುವಿನ ಬೆನ್ನಿಗೆ ತ್ರಿಕೋನದೊಳಗೆ 1ರಿಂದ 7ರವರೆಗೆ ಅಂಕಿ ಇರುತ್ತದೆ. ಅದನ್ನು ಹುಡುಕುವುದೇ ಮಕ್ಕಳಿಗೆ ಒಂದು ಆಟ. ನೀರಿನ ಬಾಟಲಿ 1, ಅಂದರೆ ಪೆಟ್ ಎಂಬ ಪ್ಲಾಸ್ಟಿಕ್. ಮುಚ್ಚಳ ಸಾಮಾನ್ಯವಾಗಿ 2 ಅಥವಾ 5, ಅಂದರೆ ಆಗಲೇ ಹೇಳಿದ ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್. ಒಂದು ಬಕೆಟ್ ನೀರಿಗೆ ಎರಡರ ಚೂರನ್ನೂ ಹಾಕಿ, ಗುಳ್ಳೆ ಅಂಟಿಕೊಳ್ಳದ ಹಾಗೆ ಬೆರಳಿಂದ ಒತ್ತಿ ಬಿಡಿ. ಬಾಟಲಿಯ ಚೂರು ಮುಳುಗುತ್ತದೆ, ಮುಚ್ಚಳದ ಚೂರು ಮೇಲೆ ಬರುತ್ತದೆ. ಮರುಬಳಕೆ ಕಾರ್ಖಾನೆಗಳಲ್ಲೂ ಇವೆರಡನ್ನು ಬೇರೆ ಮಾಡುವುದು ಹೀಗೇ, ನೀರಲ್ಲಿ ಮುಳುಗಿಸಿ ತೇಲಿಸಿ. ನಿಮ್ಮ ಬಕೆಟ್ಟು ಒಂದು ಪುಟ್ಟ ಕಾರ್ಖಾನೆ ಆದ ಹಾಗೆ. ಆ ದಿನದ ವಿಜ್ಞಾನದ ಪಾಠವೂ ಅಲ್ಲೇ ಆಗುತ್ತದೆ.

ಮುಟ್ಟಬಾರದ್ದು ಯಾವುದು ಅಂತಲೂ ಹೇಳಲೇಬೇಕು. ಬ್ಯಾಟರಿ, ಟ್ಯೂಬ್‌ಲೈಟ್, ಸಿ.ಎಫ್.ಎಲ್. ಬಲ್ಬು ಬೇಡ. ಈ ದೀಪಗಳಲ್ಲಿ ಪಾದರಸ ಇರುತ್ತದೆ. ಸಿರಿಂಜು, ಬ್ಯಾಂಡೇಜು, ಔಷಧಿ ಪಟ್ಟಿ, ಕೀಟನಾಶಕದ ಡಬ್ಬಿ ಯಾವ ಕಾರಣಕ್ಕೂ ಬೇಡ. ಕಂಪ್ಯೂಟರಿನ ಹಸಿರು ಹಲಗೆಗಳನ್ನು ಒಡೆಯಬೇಡಿ, ಬೆಸುಗೆಯಲ್ಲಿ ಸೀಸ ಇರಬಹುದು. ಹಳೇ ಮರದ ಮೇಲಿನ ಬಣ್ಣವನ್ನು ಉಜ್ಜಬೇಡಿ, ಅದರಲ್ಲೂ ಸೀಸ ಇರಬಹುದು. 3 ಅಂತ ಇರುವ ಪಿ.ವಿ.ಸಿ.ಯನ್ನು ಸುಡಬೇಡಿ, ಬಿಸಿ ಮಾಡಬೇಡಿ, ಆಮ್ಲದ ಹೊಗೆ ಬರುತ್ತದೆ. ಥರ್ಮಾಕೋಲನ್ನು ಕಾದ ತಂತಿಯಲ್ಲಿ ಕತ್ತರಿಸುವುದೂ ಬೇಡ. ಪ್ಲಾಸ್ಟಿಕ್ಕಿಗೆ ತೂತು ಹಾಕಲು ಎಷ್ಟೋ ಕಡೆ ಮೊಳೆ ಕಾಯಿಸಿ ಚುಚ್ಚುತ್ತಾರೆ. ಆ ಹೊಗೆ ಮಕ್ಕಳ ಮೂಗಿಗೆ ಹೋಗುತ್ತದೆ. ಕೆಳಗೆ ಮರದ ತುಂಡು ಇಟ್ಟು ದಬ್ಬಣದಿಂದಲೋ ಕೈ ಡ್ರಿಲ್ಲಿನಿಂದಲೋ ಮಾಡಿ. ಸಿ.ಡಿ. ಮುರಿದರೆ ಗಾಜಿನ ಹಾಗೆ ಚೂಪಾಗುತ್ತದೆ, ಇಡಿಯಾಗಿ ಬಳಸಿ.

ಗ್ಲಿಟರ್ ವಿಷಯಕ್ಕೆ ಬಂದರೆ ನಾನು ಕಟುವಾಗಿಯೇ ಹೇಳುತ್ತೇನೆ. ದಯವಿಟ್ಟು ಕೊಳ್ಳಬೇಡಿ. ಅದು ಪ್ಲಾಸ್ಟಿಕ್ ಹಾಳೆಗೆ ಅಲ್ಯೂಮಿನಿಯಂ ಲೇಪಿಸಿ ಪುಡಿ ಮಾಡಿದ್ದು. ಅಂದರೆ ಪುಡಿ ಪ್ಲಾಸ್ಟಿಕ್ಕನ್ನೇ ದುಡ್ಡು ಕೊಟ್ಟು ತಂದು ಪರಿಸರದ ಹೆಸರಲ್ಲಿ ಚೆಲ್ಲಿದ ಹಾಗೆ. ಯುರೋಪಿಯನ್ ಒಕ್ಕೂಟದಲ್ಲಿ ಬಿಡಿ ಪ್ಲಾಸ್ಟಿಕ್ ಗ್ಲಿಟರ್ ಮಾರಾಟಕ್ಕೆ 2023ರ ಅಕ್ಟೋಬರಿನಿಂದ ತಡೆ ಬಿದ್ದಿದೆ. ಅಕ್ರಿಲಿಕ್ ಬಣ್ಣವೂ ಒಣಗಿದ ಮೇಲೆ ಪ್ಲಾಸ್ಟಿಕ್ಕೇ, ಬ್ರಷ್ ತೊಳೆದ ನೀರು ಚರಂಡಿಗೆ ಹೋಗುತ್ತದೆ. ಹೊಳಪು ಬೇಕಾದರೆ ಕವರಿನ ಒಳಮೈ ಇದೆ. ಬಣ್ಣ ಬೇಕಾದರೆ ಮುಚ್ಚಳಗಳನ್ನು ಬಣ್ಣದ ಪ್ರಕಾರ ಬೇರೆ ಬೇರೆ ಡಬ್ಬಿಯಲ್ಲಿ ಹಾಕಿಟ್ಟುಕೊಳ್ಳಿ. ಒಂದು ವರ್ಷದಲ್ಲಿ ನಿಮಗೆ ಒಂದು ಬಣ್ಣದ ಪೆಟ್ಟಿಗೆಯೇ ಸಿಗುತ್ತದೆ.

ಕೃತಿ ಎಷ್ಟು ದಿನ ಬಾಳಬೇಕು? ಇದನ್ನು ಮಾಡುವ ಮೊದಲೇ ತೀರ್ಮಾನ ಮಾಡಬೇಕು. ಒಂದೋ ಅದು ತುಂಬಾ ಕಾಲ ಉಳಿಯಬೇಕು, ಇಲ್ಲವೇ ಸುಲಭವಾಗಿ ಬಿಚ್ಚಲು ಬರಬೇಕು. ಎರಡರ ಮಧ್ಯೆ ಸಿಕ್ಕಿಕೊಂಡದ್ದೇ ತೊಟ್ಟಿಗೆ ಹೋಗುವುದು. ತುಂಬಾ ಕಾಲ ಉಳಿಯುವ ಕೆಲಸಕ್ಕೆ ನೇಕ್ ಚಂದ್ ಅವರ ಉದಾಹರಣೆ ಇದೆ. ಚಂಡೀಗಢ ನಗರ ಕಟ್ಟಲು ಹಳ್ಳಿಗಳನ್ನು ಕೆಡವಿದಾಗ ಉಳಿದ ಒಡಕು ಸಾಮಾನನ್ನು ಅವರು 1957ರ ಸುಮಾರಿನಿಂದ ಒಬ್ಬರೇ ಕೂಡಿಡುತ್ತಾ ಬಂದರು. ಕೆಲಸ ರಸ್ತೆ ಇನ್‌ಸ್ಪೆಕ್ಟರ್‌ನದು. ಒಡೆದ ಬಳೆ, ಪಿಂಗಾಣಿ ಚೂರು, ವಿದ್ಯುತ್ ಸಾಕೆಟ್ಟು, ಕಲ್ಲು ಎಲ್ಲವನ್ನೂ ಬಿಡುವಿನ ವೇಳೆಯಲ್ಲಿ ಹೊತ್ತು ತಂದು, ಕಾಡಿನ ತಗ್ಗಿನಲ್ಲಿ ಗುಟ್ಟಾಗಿ ಮನುಷ್ಯರನ್ನೂ ಪ್ರಾಣಿಗಳನ್ನೂ ಮಾಡಿ ನಿಲ್ಲಿಸಿದರು. ಹಲವು ವರ್ಷ ಸರ್ಕಾರಕ್ಕೆ ಗೊತ್ತೇ ಇರಲಿಲ್ಲ. 1976ರಲ್ಲಿ ಅದು ರಾಕ್ ಗಾರ್ಡನ್ ಆಗಿ ಜನರಿಗೆ ತೆರೆಯಿತು. ಬಳೆ ಚೂರಿನ ಸೀರೆ ಉಟ್ಟ ಹೆಂಗಸರ ಸಾಲು ಇಂದಿಗೂ ಅಲ್ಲಿ ನಿಂತಿದೆ.

ಹಾಗೆಯೇ ಲಾಸ್ ಏಂಜಲಿಸ್‌ನ ವಾಟ್ಸ್ ಗೋಪುರಗಳು. ಸೈಮನ್ ರೋಡಿಯಾ ಎಂಬ ಕೂಲಿ ಕೆಲಸದವರು 1921ರಿಂದ 1954ರವರೆಗೆ ಒಬ್ಬರೇ ಕಟ್ಟಿದ್ದು. ಬೋಲ್ಟು, ಬೆಸುಗೆ ಏನೂ ಇಲ್ಲ. ಕಬ್ಬಿಣದ ಸರಳುಗಳನ್ನು ತಂತಿಯಲ್ಲಿ ಸುತ್ತಿ, ಗಾರೆ ಮೆತ್ತಿ, ಹಸಿ ಗಾರೆಗೆ ಒಡೆದ ತಟ್ಟೆ, ಬಾಟಲಿ, ಚಿಪ್ಪು ಒತ್ತಿದ್ದರು. ಎತ್ತರದ ಗೋಪುರ ಸುಮಾರು 30 ಮೀಟರ್. ಅಪಾಯ ಅಂತ ಕೆಡವಲು ಹೊರಟ ನಗರಾಡಳಿತ 1959ರಲ್ಲಿ ಸುಮಾರು ನಾಲ್ಕೂವರೆ ಟನ್ ಬಲ ಹಾಕಿ ಎಳೆಸಿತು. ಗೋಪುರ ಬೀಳಲಿಲ್ಲ, ಉಳಿಯಿತು. ಇವೆರಡರಲ್ಲೂ ಹೊರಗಿನ ಬಿಸಿಲು ಮಳೆಗೆ ಒಡ್ಡಿರುವುದು ಕಲ್ಲು, ಗಾಜು, ಪಿಂಗಾಣಿ, ಗಾರೆ. ಪ್ಲಾಸ್ಟಿಕ್ ಅಲ್ಲ. ಪ್ಲಾಸ್ಟಿಕ್ಕಿನ ಕೃತಿಯನ್ನು ಅಂಗಳದಲ್ಲಿ ನಿಲ್ಲಿಸಬೇಡಿ. ನನ್ನ ಮೀನಿನ ಬಾಲ ನೆನಪಿರಲಿ. ಅದು ನೆರಳಲ್ಲಿ, ಗೋಡೆಯ ಮೇಲೆ, ಸ್ವಲ್ಪ ದಿನದ ಮಟ್ಟಿಗೆ ಇದ್ದರೆ ಸಾಕು.

ಶಾಲೆಗೆ ಎರಡನೆಯ ದಾರಿಯೇ, ಅಂದರೆ ಸುಲಭವಾಗಿ ಬಿಚ್ಚಲು ಬರುವ ಕೃತಿಯೇ ಸರಿ. ಕೃತಿಯ ಪಕ್ಕದ ಚೀಟಿಯಲ್ಲಿ ಮಗುವಿನ ಹೆಸರಿನ ಜೊತೆ ಮೂರು ವಿಷಯ ಬರೆಸಿ: ಇದರಲ್ಲಿ ಏನೇನು ಇದೆ, ಎಲ್ಲಿಂದ ಬಂತು, ಬಿಚ್ಚುವ ದಿನ ಯಾವತ್ತು. ಬಿಚ್ಚುವ ದಿನವೂ ಪ್ರದರ್ಶನದ ಭಾಗವೇ ಆಗಲಿ. ಮಕ್ಕಳು ತಾವು ಹಾಕಿದ ಗಂಟನ್ನು ತಾವೇ ಬಿಚ್ಚಿ, ಬಾಟಲಿ ಒಂದು ಚೀಲಕ್ಕೆ, ಮುಚ್ಚಳ ಒಂದು ಚೀಲಕ್ಕೆ, ರಟ್ಟು ಒಂದು ಕಟ್ಟಿಗೆ ಅಂತ ಬೇರೆ ಮಾಡಲಿ. ಮೊದಲ ಸಲ ಕೆಲವು ಮಕ್ಕಳು ಅಳುತ್ತಾರೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ತಾನು ಮಾಡಿದ್ದನ್ನು ಬಿಚ್ಚುವುದು ಸುಲಭವಲ್ಲ. ಒಂದು ಫೋಟೋ ತೆಗೆದು ಅವರ ಕೈಗೆ ಕೊಡಿ. ಬ್ರೆಜಿಲ್‌ನ ವಿಕ್ ಮುನೀಜ್ ಮಾಡಿದ್ದೂ ಇದನ್ನೇ. ರಿಯೊ ಡಿ ಜನೈರೊ ಹತ್ತಿರ ಜಾರ್ಡಿಮ್ ಗ್ರಮಾಚೊ ಎಂಬ ದೊಡ್ಡ ಕಸದ ಗುಡ್ಡ ಇತ್ತು, 2012ರಲ್ಲಿ ಮುಚ್ಚಿದರು. ಅಲ್ಲಿ ಆಯುವ ಕೆಲಸ ಮಾಡುತ್ತಿದ್ದವರ ಜೊತೆಗೂಡಿ, ಅವರದೇ ಭಾವಚಿತ್ರಗಳನ್ನು ಆಯ್ದ ವಸ್ತುಗಳಿಂದ ದೊಡ್ಡ ನೆಲದ ಮೇಲೆ ಹರಡಿ ಮಾಡಿದರು. ಮೇಲಿನಿಂದ ಫೋಟೋ ತೆಗೆದರು. ಲೋಕ ನೋಡಿದ್ದು ಆ ಫೋಟೋಗಳನ್ನು. ಹರಾಜಿನಲ್ಲಿ ಬಂದ ಹಣ ಆಯುವವರ ಸಂಘಕ್ಕೆ ಹೋಯಿತು.

ಆಯುವವರ ಮಾತು ಬಂದದ್ದರಿಂದ ಒಂದು ಕೋರಿಕೆ. ಕಸದ ಕಲೆ ಅಂದಾಗ ನಾವು ವಸ್ತುವಿನ ಬಗ್ಗೆ ಮಾತಾಡುತ್ತೇವೆ, ಅದನ್ನು ದಿನಾ ಎತ್ತುವ ಕೈಗಳನ್ನು ಮರೆಯುತ್ತೇವೆ. ಮಿಯರ್ಲ್ ಲೇಡರ್‌ಮನ್ ಯೂಕಲೀಸ್ ಎಂಬ ಕಲಾವಿದೆ 1979ರಿಂದ 1980ರವರೆಗೆ ನ್ಯೂಯಾರ್ಕ್ ನಗರದ ಸುಮಾರು 8,500 ಪೌರಕಾರ್ಮಿಕರನ್ನು ಒಬ್ಬೊಬ್ಬರಾಗಿ ಭೇಟಿ ಮಾಡಿ, ಕೈ ಕುಲುಕಿ, ನಗರವನ್ನು ಬದುಕಿಸಿ ಇಟ್ಟಿದ್ದಕ್ಕೆ ಧನ್ಯವಾದ ಹೇಳಿದರು. ಅದೇ ಅವರ ಕಲಾಕೃತಿ. ನಿಮ್ಮ ಶಾಲೆಯ ಕಸ ತೆಗೆದುಕೊಂಡು ಹೋಗುವವರನ್ನು ಪ್ರದರ್ಶನಕ್ಕೆ ಮೊದಲೇ ಒಂದು ದಿನ ಕರೆಯಿರಿ. ಭಾಷಣಕ್ಕಲ್ಲ. ‘ನಮ್ಮ ಕಸದಲ್ಲಿ ನಿಮಗೆ ತುಂಬಾ ತೊಂದರೆ ಕೊಡುವುದು ಯಾವುದು?’ ಅಂತ ಮಕ್ಕಳೇ ಕೇಳಲಿ. ಅವರು ಹೇಳಿದ ವಸ್ತುವೇ ಆ ವರ್ಷದ ವಿಷಯವಾಗಲಿ. ನಾನು ಕೇಳಿಸಿದ ಒಂದು ಕಡೆ ಒಡೆದ ಗಾಜು ಅಂದರು, ಹೆಬ್ಬೆರಳಿನ ಗಾಯದ ಗುರುತು ತೋರಿಸಿದರು. ಮಾರನೇ ದಿನದಿಂದ ಆ ಮಕ್ಕಳು ಗಾಜನ್ನು ರದ್ದಿ ಪೇಪರಿನಲ್ಲಿ ಸುತ್ತಿ ‘ಗಾಜು’ ಅಂತ ಬರೆದು ಇಡಲು ಶುರು ಮಾಡಿದರು.

ವಸ್ತು ಕೂಡಿಸುವ ರೀತಿಗೂ ಒಂದು ಒಳ್ಳೆಯ ಮಾದರಿ ಇದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜೋ ಹ್ಯಾನ್ಸನ್ ಎಂಬ ಕಲಾವಿದೆ 1970ರ ದಶಕದಲ್ಲಿ ತಮ್ಮ ಮನೆ ಮುಂದಿನ ಕಾಲುದಾರಿ ಗುಡಿಸುತ್ತಿದ್ದರು. ಗುಡಿಸಿದ ಕಸವನ್ನು ಎಸೆಯದೆ ದಿನದ ಪ್ರಕಾರ ಜೋಡಿಸಿ ಆಲ್ಬಮ್ ಮಾಡಿಟ್ಟರು. ಅದೊಂದು ಬೀದಿಯ ದಿನಚರಿ. ಆ ಊರಿನ ಕಸ ವಿಲೇವಾರಿ ಕೇಂದ್ರದಲ್ಲೇ ಕಲಾವಿದರಿಗೆ ಜಾಗ ಕೊಟ್ಟು, ಅಲ್ಲಿ ಸಿಕ್ಕಿದ್ದರಲ್ಲೇ ಕೆಲಸ ಮಾಡಲು ಬಿಡುವ ಏರ್ಪಾಡು 1990ರಲ್ಲಿ ಶುರುವಾದದ್ದೂ ಅವರ ಪ್ರಯತ್ನದಿಂದ. ಅದು ಇಂದಿಗೂ ನಡೆಯುತ್ತಿದೆ. ಅಲ್ಲಿನ ಕಲಾವಿದರಿಗೆ ಬೇಕಾದ್ದನ್ನು ಪಟ್ಟಿ ಮಾಡಿ ತರಿಸಿಕೊಳ್ಳುವ ದಾರಿಯಿಲ್ಲ. ಬಂದದ್ದೇ ಸಾಮಗ್ರಿ.

ಹಾಗೆ ಮಾಡಿ. ಮಕ್ಕಳಿಗೆ ಏನನ್ನೂ ತರಲು ಹೇಳಬೇಡಿ. ಶಾಲೆಯ ತೊಟ್ಟಿಯನ್ನೇ ಒಂದು ವಾರ ಖಾಲಿ ಮಾಡದೆ ಬೇರೆ ಬೇರೆ ಚೀಲದಲ್ಲಿ ಇಡಿಸಿ. ಹಸಿ ಕಸ ಮಾತ್ರ ಆಯಾ ದಿನವೇ ಹೋಗಲಿ. ಶನಿವಾರ ಹಳೇ ಬೆಡ್‌ಶೀಟ್ ಹಾಸಿ, ಕೈಗವಸು ಹಾಕಿಸಿ, ಎಲ್ಲ ಸುರಿದು ವಿಂಗಡಿಸಿ, ತೂಕ ಮಾಡಿ. ಯಾವುದು ಎಷ್ಟು ಅಂತ ಒಂದು ಪುಸ್ತಕದಲ್ಲಿ ಬರೆಯಿರಿ. ಕೃತಿ ಆ ರಾಶಿಯಿಂದಲೇ ಆಗಬೇಕು. ಮೀನು ಮಾಡಲು ಬಾಟಲಿ ಸಾಲದಿದ್ದರೆ ಮೀನು ಬೇಡ, ಇರುವುದರಲ್ಲಿ ಏನಾಗುತ್ತದೋ ಅದು. ಮುಂದಿನ ವರ್ಷ ಅದೇ ತಿಂಗಳು ಮತ್ತೆ ತೂಕ ಮಾಡಿ. ನಾನು ನೋಡಿದ ಕಡೆಗಳಲ್ಲಿ ಎರಡನೇ ವರ್ಷ ಕವರಿನ ಚೀಲ ಹಗುರವಾಗಿತ್ತು. ಪರಿಸರಕ್ಕೆ ಉಪಯೋಗ ಇದೆಯೇ ಅಂತ ಕೇಳಿದಿರಲ್ಲ, ಅದು ಆ ಪುಸ್ತಕದಲ್ಲಿ ಕಾಣುತ್ತದೆ. ಒಂದು ವರ್ಷ ಕಲಾಕೃತಿ ಮಾಡಲು ಸಾಮಗ್ರಿಯೇ ಸಾಲದೆ ಬಂದರೆ ಆ ಖಾಲಿ ಗೋಡೆಗೂ ಒಂದು ಚೀಟಿ ಅಂಟಿಸಿ, ಪೋಷಕರಿಗೆ ತೋರಿಸಿ.

ಈ ವರ್ಷ ಆ ಪುಸ್ತಕ ಮತ್ತು ತಕ್ಕಡಿಯ ಜವಾಬ್ದಾರಿಯನ್ನು, ನೀರು ಚೆಲ್ಲಿ ಬಾಟಲಿ ತಂದಿದ್ದ ಆ ಹುಡುಗನಿಗೇ ಕೊಡಿ. ಹತ್ತು ಅಂದರೆ ಹತ್ತೇ ತರಬೇಕು ಅಂತ ಅಷ್ಟು ಶ್ರದ್ಧೆಯಿಂದ ತಂದ ಹುಡುಗ ಲೆಕ್ಕವನ್ನೂ ಅಷ್ಟೇ ಶ್ರದ್ಧೆಯಿಂದ ಬರೆಯುತ್ತಾನೆ.